ಹೊಲಕ್ಕೊಂದು ಅರವಟ್ಟಿಗೆ



ಯುಗಾದಿ ಕಳೆಯಿತು. ಬಿಸಿಲು ದಿನದಿನಕ್ಕೆ ಏರುತ್ತಿದೆ. ಯಡಿಯೂರಿನಲ್ಲಿ ಸಿದ್ಧಲಿಂಗೇಶ್ವರನ ತೇರಿಗೆ ಬರುವ ಭಕ್ತರಿಗೆ ಪಾನಕ, ನೀರುಮಜ್ಜಿಗೆ ಕೊಡುವ ಅರವಟ್ಟಿಗೆಗಳನ್ನು ನೀವೆಲ್ಲ ಕಂಡಿದ್ದೀರಿ. ದಾರಿಯಲ್ಲಿ ಹೋಗುವವನ ಹೆಸರು ಕೇಳದೆ, ಊರು ಕೇಳದೆ, ಕರೆದು ನೀರು ಕೊಡುವುದು ನಮ್ಮ ನಾಡಿನ ಪದ್ಧತಿ. ಇದು ಒಳ್ಳೆಯ ಪದ್ಧತಿ. ಆದರೆ ಅದೇ ವಾರದಲ್ಲಿ ನಮ್ಮ ನಿಮ್ಮ ತೋಟದಲ್ಲಿ ನಡುಮಧ್ಯಾಹ್ನ ತೆಂಗಿನ ಗುಂಡಿ ತೋಡುತ್ತಿರುವ ಆಳಿಗೆ, ಬದು ಹಾಕುತ್ತಿರುವ ಹೆಂಗಸಿಗೆ, ಹುಣಸೆಹಣ್ಣು ಉದುರಿಸುತ್ತಿರುವ ಹುಡುಗನಿಗೆ ಕುಡಿಯುವ ನೀರಿನ ಏರ್ಪಾಡು ಏನು ಮಾಡಿದ್ದೇವೆ? ಈ ಪ್ರಶ್ನೆಯನ್ನು ಇಟ್ಟುಕೊಂಡು ಇವತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಬಿಸಿಲಿನಲ್ಲಿ ದುಡಿಯುವವರು ನೀರು ಕುಡಿಯದೆ ಇದ್ದರೆ ತಲೆ ಸುತ್ತುತ್ತದೆ, ಕಣ್ಣು ಕತ್ತಲೆಗಟ್ಟುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೆ ದಿನವೂ ಹೀಗೇ ಆಗುತ್ತಾ ಹೋದರೆ, ಒಳಗೆ ಕಣ್ಣಿಗೆ ಕಾಣದ ಒಂದು ಅಂಗ ಸದ್ದಿಲ್ಲದೆ ಕೆಡುತ್ತಾ ಬರುತ್ತದೆ. ಅದೇ ಮೂತ್ರಪಿಂಡ. ಪೇಟೆಯಲ್ಲೂ ಹಳ್ಳಿಯಲ್ಲೂ ಜನ ಈಗ ಅದನ್ನು ಕಿಡ್ನಿ ಅಂತಲೇ ಕರೆಯುತ್ತಾರೆ.

ಮೂತ್ರಪಿಂಡ ಎಲ್ಲಿದೆ, ಏನು ಕೆಲಸ ಮಾಡುತ್ತದೆ? ಬೆನ್ನಿನ ಕಡೆ, ಪಕ್ಕೆಲುಬಿನ ಕೆಳತುದಿಯ ಹತ್ತಿರ, ಬೆನ್ನುಮೂಳೆಯ ಎಡಕ್ಕೊಂದು ಬಲಕ್ಕೊಂದು ಹೀಗೆ ಎರಡು ಮೂತ್ರಪಿಂಡಗಳಿವೆ. ಒಂದೊಂದೂ ಅವರೆಕಾಳಿನ ಆಕಾರ, ನಮ್ಮ ಮುಷ್ಟಿಯಷ್ಟು ಗಾತ್ರ. ಒಂದೊಂದರಲ್ಲೂ ಸುಮಾರು 10 ಲಕ್ಷ ಸಣ್ಣ ಸಣ್ಣ ಜರಡಿಗಳು. ದಿನವೊಂದಕ್ಕೆ ಇವೆರಡೂ ಸೇರಿ ರಕ್ತದಿಂದ ಸುಮಾರು 180 ಲೀಟರು ನೀರನ್ನು ಸೋಸುತ್ತವೆ. ನಿಮ್ಮ ಮನೆಯ ಬಿಂದಿಗೆ 15 ಲೀಟರು ಹಿಡಿಯುತ್ತದೆ ಎಂದಿಟ್ಟುಕೊಂಡರೆ 12 ಬಿಂದಿಗೆ ಆಯಿತು. ಸೋಸಿದ ನೀರಿನಲ್ಲಿ ಬಹುಪಾಲನ್ನು ಮತ್ತೆ ರಕ್ತಕ್ಕೇ ಸೇರಿಸಿ, ಕೊಳೆಯೊಂದಿಗೆ ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಕಳಿಸುತ್ತವೆ.

ಯಡಿಯೂರಿನ ಹತ್ತಿರವೇ ಶಿಂಷಾ ಹೊಳೆಗೆ ಕಟ್ಟಿರುವ ಮಾರ್ಕೋನಹಳ್ಳಿ ಕಟ್ಟೆಯನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿದ್ದೀರಿ. ನೀರು ಮಟ್ಟ ಮೀರಿದರೆ ಯಾರೂ ಬಾಗಿಲು ಎತ್ತಬೇಕಾಗಿಲ್ಲ. ಅಲ್ಲಿನ ಸೈಫನ್ನು ತಾನಾಗಿಯೇ ನೀರನ್ನು ಹೊರಕ್ಕೆ ಹರಿಸುತ್ತದೆ. ಮೂತ್ರಪಿಂಡವೂ ಹಾಗೆಯೇ. ಮೈಯಲ್ಲಿ ನೀರು ಹೆಚ್ಚಾದರೆ ಹೊರಕ್ಕೆ ಬಿಡುತ್ತದೆ, ಕಡಿಮೆಯಾದರೆ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಕಟ್ಟೆಗೆ ನೀರೇ ಬಾರದೆ ಹೋದರೆ ತೂಬು ಏನು ಮಾಡೀತು? ತಳದ ಕೆಸರು ಗಟ್ಟಿಯಾಗಿ ತೂಬಿನ ಬಾಯಿಗೆ ಬಂದು ಕೂರುತ್ತದೆ, ಅಷ್ಟೆ.

ಬಿಸಿಲಿನಲ್ಲಿ ಗುದ್ದಲಿ ಹಿಡಿದು ದುಡಿಯುವ ಆಳಿನ ಮೈಯಿಂದ ಗಂಟೆಗೆ ಒಂದು ಲೀಟರಿನಷ್ಟು ಬೆವರು ಹರಿದು ಹೋಗುವುದುಂಟು. ಬೆವರಿನ ಜೊತೆಗೆ ಉಪ್ಪೂ ಹೋಗುತ್ತದೆ. ಆಗ ಮೈಯಲ್ಲಿ ರಕ್ತದ ಪ್ರಮಾಣ ತಗ್ಗುತ್ತದೆ. ಇದ್ದ ರಕ್ತವನ್ನು ದೇಹವು ದುಡಿಯುವ ತೋಳು ತೊಡೆಗಳಿಗೂ, ಮೈಯನ್ನು ತಂಪು ಮಾಡಲು ಚರ್ಮಕ್ಕೂ ಕಳಿಸುತ್ತದೆ. ಮೂತ್ರಪಿಂಡದ ಪಾಲು ಕಡಿಮೆಯಾಗುತ್ತದೆ. ಅತ್ತ ಅತಿಯಾಗಿ ದಣಿದ ಮಾಂಸಖಂಡಗಳು ಸ್ವಲ್ಪ ಸ್ವಲ್ಪ ಸವೆದು, ಆ ಕಸವೂ ರಕ್ತಕ್ಕೆ ಸೇರುತ್ತದೆ. ನೀರು ಕಡಿಮೆ, ಕಸ ಹೆಚ್ಚು, ಜೊತೆಗೆ ಮೈಯ ಕಾವು ಬೇರೆ. ಹೀಗೆ ಮೂರು ಕಡೆಯಿಂದಲೂ ಪೆಟ್ಟು. ಒಂದು ದಿನ ಆದರೆ ರಾತ್ರಿ ನೀರು ಕುಡಿದು ಮಲಗಿದರೆ ಸರಿಹೋಗುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ, ವರ್ಷ ವರ್ಷವೂ ಇದೇ ಆದರೆ ಆ ಸಣ್ಣ ಜರಡಿಗಳು ಗಾಯಗೊಂಡು, ಗಾಯ ಮಾಗಿ, ಕಲೆಗಟ್ಟಿ ನಿಂತುಹೋಗುತ್ತವೆ. ಒಮ್ಮೆ ಹೋದ ಜರಡಿ ಮತ್ತೆ ಚಿಗುರುವುದಿಲ್ಲ.

ಇದರಲ್ಲಿ ಇನ್ನೂ ಒಂದು ಮೋಸವಿದೆ. ಮೂತ್ರಪಿಂಡದ ಶಕ್ತಿ ಅರ್ಧಕ್ಕಿಂತ ಹೆಚ್ಚು ಕಳೆದುಹೋದರೂ ಮನುಷ್ಯನಿಗೆ ನೋವಿಲ್ಲ, ಜ್ವರವಿಲ್ಲ, ಏನೂ ಗೊತ್ತಾಗುವುದಿಲ್ಲ. ಕಾಲು ಊದಿಕೊಂಡು, ಮುಖ ಬಾತು, ಊಟ ಸೇರದೆ, ಉಸಿರು ಕಟ್ಟಿ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಆಮೇಲೆ ಉಳಿಯುವ ದಾರಿ ಎರಡೇ: ಬೇರೆಯವರ ಮೂತ್ರಪಿಂಡ ಕಸಿ ಮಾಡಿಸಬೇಕು, ಇಲ್ಲವೇ ವಾರಕ್ಕೆ ಎರಡು ಮೂರು ಸಲ ಯಂತ್ರಕ್ಕೆ ಮೈಯೊಡ್ಡಿ, ಪ್ರತಿಸಲವೂ ನಾಲ್ಕು ಗಂಟೆಯ ಹೊತ್ತು ರಕ್ತ ತೊಳೆಸಿಕೊಳ್ಳಬೇಕು. ಇದಕ್ಕೇ ಡಯಾಲಿಸಿಸ್ ಎನ್ನುತ್ತಾರೆ. ಈಗ ಜಿಲ್ಲಾ ಆಸ್ಪತ್ರೆಗಳಲ್ಲೂ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲೂ ಬಡವರಿಗೆ ಇದನ್ನು ಪುಕ್ಕಟೆಯಾಗಿ ಮಾಡುತ್ತಾರೆ, ನಿಜ. ಆದರೆ ಹೋದ ಕೂಲಿಯನ್ನು ಕೊಡುವವರು ಯಾರು? ರೋಗಿಯ ಜೊತೆಗೆ ಮನೆಯ ಇನ್ನೊಬ್ಬರೂ ಹೋಗಬೇಕು. ಇಬ್ಬರ ಕೂಲಿ ಹೋಯಿತು, ಬಸ್ಸಿನ ಖರ್ಚು ಬಂತು. ದುಡಿದು ತಿನ್ನುವ ಸಂಸಾರ ಎಷ್ಟು ದಿನ ತಡೆದೀತು? ಆದುದರಿಂದಲೇ ಬಾರದ ಹಾಗೆ ನೋಡಿಕೊಳ್ಳುವುದು ಜಾಣತನ.

"ಇದೆಲ್ಲಾ ದೊಡ್ಡ ಮಾತು ಬಿಡಿ ಸ್ವಾಮಿ. ನಮ್ಮ ಅಪ್ಪ ತಾತ ಎಲ್ಲಾ ಬಿಸಿಲಲ್ಲೇ ದುಡಿದ್ರು. ನಾವೇನು ಸಕ್ಕರೆ ಗೊಂಬೆಗಳೇ, ಕರಗಿಹೋಗೋಕೆ?" ಅಂತ ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ಅದಕ್ಕೆ ಬೇರೆ ನಾಡುಗಳಲ್ಲಿ ನಡೆದದ್ದನ್ನು ಸ್ವಲ್ಪ ಹೇಳುತ್ತೇನೆ.

ನಮ್ಮ ಪಕ್ಕದ ಆಂಧ್ರದಲ್ಲಿ ಶ್ರೀಕಾಕುಳಂ ಜಿಲ್ಲೆಯಿದೆ. ಅಲ್ಲಿ ಸಮುದ್ರದ ಪಕ್ಕಕ್ಕೆ ಉದ್ದಾನಂ ಎಂಬ ಸೀಮೆ. ನಮ್ಮ ತುಮಕೂರು ಸೀಮೆಯ ಹಾಗೆಯೇ ಅಲ್ಲೂ ಕಣ್ಣು ಹಾಯಿಸಿದಷ್ಟು ದೂರ ತೆಂಗಿನ ತೋಟ, ಜೊತೆಗೆ ಗೋಡಂಬಿ. ಆ ಹಳ್ಳಿಗಳಲ್ಲಿ ಹಲವು ವರ್ಷಗಳಿಂದ ತೋಟದ ಕೂಲಿಗಳೂ ಸಣ್ಣ ರೈತರೂ ಮೂತ್ರಪಿಂಡದ ಕಾಯಿಲೆಯಿಂದ ನರಳುತ್ತಿದ್ದಾರೆ. ಇವರಲ್ಲಿ ಎಷ್ಟೋ ಮಂದಿಗೆ ಸಕ್ಕರೆ ಕಾಯಿಲೆಯೂ ಇಲ್ಲ. ರೋಗಿಗಳು ಎಷ್ಟು ಹೆಚ್ಚಿದರೆಂದರೆ, 2023ರ ಡಿಸೆಂಬರಿನಲ್ಲಿ ಪಲಾಸ ಎಂಬಲ್ಲಿ ಇದಕ್ಕಾಗಿಯೇ 200 ಹಾಸಿಗೆಗಳ ಆಸ್ಪತ್ರೆಯನ್ನೂ ಸಂಶೋಧನಾ ಕೇಂದ್ರವನ್ನೂ ತೆರೆದರು. ದೂರದ ಜಲಾಶಯದಿಂದ ಕೊಳವೆಯಲ್ಲಿ ಕುಡಿಯುವ ನೀರನ್ನೂ ತಂದರು. ಶ್ರೀಲಂಕಾದ ಉತ್ತರ ಮಧ್ಯ ಪ್ರಾಂತದ ಭತ್ತದ ರೈತರಲ್ಲಿ 1990ರ ದಶಕದಿಂದಲೂ ಇಂಥದೇ ಕಾಯಿಲೆ ಕಾಣಿಸಿಕೊಂಡಿದೆ. ಅಮೆರಿಕಾ ಖಂಡದ ನಡುವೆ ಎಲ್ ಸಾಲ್ವಡಾರ್, ನಿಕರಾಗುವಾ ಎಂಬ ಸಣ್ಣ ದೇಶಗಳಿವೆ. ಅಲ್ಲಿ ಕಬ್ಬು ಕಡಿಯುವ ಗಟ್ಟಿಮುಟ್ಟಾದ ಪ್ರಾಯದ ಗಂಡಸರೇ ಇದಕ್ಕೆ ತುತ್ತಾದರು. 2002ರಲ್ಲಿ ಎಲ್ ಸಾಲ್ವಡಾರಿನ ವೈದ್ಯರು ಇದನ್ನು ಬರೆದು ಲೋಕಕ್ಕೆ ತಿಳಿಸಿದರು.

ಇದಕ್ಕೆ ಒಂದೇ ಕಾರಣವೆಂದು ವಿಜ್ಞಾನಿಗಳು ಇನ್ನೂ ತೀರ್ಮಾನ ಮಾಡಿಲ್ಲ. ನೀರಿನ ದೋಷ, ಕ್ರಿಮಿನಾಶಕ, ನೋವಿನ ಮಾತ್ರೆ, ಹೀಗೆ ಹಲವನ್ನು ಶಂಕಿಸುತ್ತಾರೆ. ಆದರೆ ಕಬ್ಬಿನ ಗದ್ದೆಗಳಲ್ಲಿ ಬಿಸಿಲ ದುಡಿಮೆಯೂ ನೀರಿನ ಕೊರತೆಯೂ ದೊಡ್ಡ ಪಾಲು ಎಂಬುದು ಗಟ್ಟಿಯಾಗಿದೆ. ಹೇಗೆ ಗೊತ್ತಾಯಿತು? ನಿಕರಾಗುವಾದ ಒಂದು ಕಬ್ಬಿನ ಸೀಮೆಯಲ್ಲಿ ಕಡಿಯುವವರಿಗೆ ನೆರಳಿನ ಡೇರೆ ಹಾಕಿಸಿ, ನೀರೂ ಲವಣದ ಪಾನಕವೂ ಒದಗಿಸಿ, ವಿರಾಮದ ಹೊತ್ತನ್ನು ಹೆಚ್ಚಿಸಿ, ಎಲ್ಲರ ರಕ್ತವನ್ನೂ ಪರೀಕ್ಷೆ ಮಾಡಿದರು. ಮೂತ್ರಪಿಂಡಕ್ಕೆ ಪೆಟ್ಟಾದವರ ಸಂಖ್ಯೆ ಇಳಿಯಿತು. ಇಲ್ಲಿ ನೀವು ಗಮನಿಸಬೇಕಾದ ಮಾತು ಒಂದುಂಟು. ನೀರೊಂದನ್ನೇ ಕೊಟ್ಟರೆ ಸಾಲದು. ನೀರು, ನೆರಳು, ವಿರಾಮ, ಮೂರೂ ಕೂಡಿದರೆ ಮಾತ್ರ ಫಲ. ಬೆಂಕಿಯನ್ನು ಆರಿಸದೆ ಪಾತ್ರೆಗೆ ನೀರು ಹುಯ್ಯುತ್ತಾ ಕೂತರೆ ಪಾತ್ರೆ ತಣ್ಣಗಾದೀತೆ?

ನಮ್ಮ ಕಡೆ ಅಷ್ಟೊಂದು ಬಿಸಿಲಿಲ್ಲ ಎನ್ನಬೇಡಿ. 2024ರ ಏಪ್ರಿಲ್ 28ರಂದು ತಂಪಿಗೆ ಹೆಸರಾದ ಬೆಂಗಳೂರಿನಲ್ಲೇ 38.5 ಡಿಗ್ರಿ ಕಾವು ಇತ್ತು. ಇನ್ನೊಂದು ಮಾತು ಕೇಳಿ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಏಪ್ರಿಲ್ ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಾಯಿಸುವ ಪದ್ಧತಿಯಿದೆ. ಫ್ಯಾನಿನ ಕೆಳಗೆ ಕೂತು ಬರೆಯುವವರಿಗೇ ಈ ಸೌಕರ್ಯ ಬೇಕಾದರೆ, ಬಯಲಿನಲ್ಲಿ ಗುದ್ದಲಿ ಹಿಡಿದವನಿಗೆ ಬೇಡವೇ?

ಈಗ ಏನೇನು ಮಾಡಬೇಕು ನೋಡೋಣ.

ಮೊದಲನೆಯದು ನೀರು. "ಬಾಯಾರಿದಾಗ ಬಾವಿ ತೋಡಿದ ಹಾಗೆ" ಅಂತ ಗಾದೆ ಇದೆಯಲ್ಲ, ಬಿಸಿಲ ಕೆಲಸದಲ್ಲಿ ಬಾಯಾರಿಕೆಯಾಗುವ ತನಕ ಕಾಯುವುದೂ ಅಂಥದೇ. ನಾಲಿಗೆ ಒಣಗುವ ಹೊತ್ತಿಗೆ ಮೈಯಲ್ಲಿ ನೀರಿನ ಕೊರತೆ ಆಗಲೇ ಶುರುವಾಗಿರುತ್ತದೆ. ಮನೆಯಿಂದ ಹೊರಡುವ ಮುಂಚೆ ಎರಡು ಲೋಟ ನೀರು ಕುಡಿದೇ ಹೊರಡಿ. ಕೆಲಸಕ್ಕೆ ನಿಂತ ಮೇಲೆ 15–20 ನಿಮಿಷಕ್ಕೆ ಒಂದು ಲೋಟ, ಅಂದರೆ ಹೆಚ್ಚು ಕಡಿಮೆ ಕಾಲು ಲೀಟರು. ಗಂಟೆಗೆ ಮೂರು ನಾಲ್ಕು ಲೋಟ ಆಯಿತು. ಕೈಗೆ ಗಡಿಯಾರ ಇಲ್ಲದಿದ್ದರೂ ಚಿಂತೆಯಿಲ್ಲ. ಒಂದು ಗುಂಡಿ ಮುಗಿಯಿತೋ ಒಂದು ಲೋಟ, ಒಂದು ಸಾಲು ಮುಗಿಯಿತೋ ಒಂದು ಲೋಟ, ಹೀಗೆ ಗುರುತು ಇಟ್ಟುಕೊಳ್ಳಿ.

"ಕೆಲಸದ ನಡುವೆ ನೀರು ಕುಡಿದರೆ ಹೊಟ್ಟೆ ಹಿಡಿದುಕೊಳ್ಳುತ್ತೆ ಕಣಣ್ಣ" ಅನ್ನುವವರಿದ್ದಾರೆ. ಮೂರು ಗಂಟೆ ಏನೂ ಕುಡಿಯದೆ ಇದ್ದು ಒಂದೇ ಸಲಕ್ಕೆ ಚೆಂಬು ಎತ್ತಿ ಗಟಗಟ ಕುಡಿದರೆ ಹೊಟ್ಟೆ ಭಾರವಾಗುತ್ತದೆ. ಸ್ವಲ್ಪ ಸ್ವಲ್ಪವಾಗಿ ಕುಡಿದರೆ ಏನೂ ಆಗುವುದಿಲ್ಲ. ಅತಿಯೂ ಬೇಡ. ಗಂಟೆಗೆ ಒಂದೂವರೆ ಲೀಟರಿಗಿಂತ ಹೆಚ್ಚು ಕುಡಿಯಕೂಡದು. ಬರೀ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದ ಉಪ್ಪು ತೆಳುವಾಗಿ ಅದರಿಂದಲೇ ಅಪಾಯವಾಗುತ್ತದೆ.

ಸಾಕಷ್ಟು ನೀರು ಸೇರಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಅದಕ್ಕೆ ಯಂತ್ರ ಬೇಡ. ಮೂತ್ರದ ಬಣ್ಣವೇ ಸಾಕ್ಷಿ. ನಿಂಬೆಹಣ್ಣಿನ ಪಾನಕದ ಹಾಗೆ ತೆಳುವಾಗಿದ್ದರೆ ಸರಿ. ಎಳ್ಳೆಣ್ಣೆಯ ಹಾಗೆ ಗಟ್ಟಿ ಹಳದಿಯಾಗಿದ್ದರೆ ನೀರು ಸಾಲದು, ಕೂಡಲೇ ಕುಡಿಯಿರಿ. ಕಾಫಿ ಡಿಕಾಕ್ಷನ್ನಿನ ಹಾಗೆ ಕಪ್ಪಗಿದ್ದರೆ, ಕೆಂಪಗಿದ್ದರೆ, ಅಥವಾ ಬೆಳಗಿನಿಂದ ಸಂಜೆಯವರೆಗೆ ಮೂತ್ರವೇ ಬಾರದಿದ್ದರೆ ಅದು ಆಸ್ಪತ್ರೆಗೆ ಹೋಗಬೇಕಾದ ಗುರುತು.

ಏನು ಕುಡಿಯಬೇಕು? ತಣ್ಣನೆಯ ಒಳ್ಳೆಯ ನೀರು ಮುಖ್ಯ. ಬೆವರಿನಲ್ಲಿ ಹೋದ ಉಪ್ಪನ್ನು ತುಂಬಲು ನಮ್ಮ ಹಿರಿಯರ ಅಂಬಲಿ ಮಜ್ಜಿಗೆಗಿಂತ ಒಳ್ಳೆಯದು ಬೇರೆ ಹುಡುಕಬೇಕಾಗಿಲ್ಲ. ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ, ಒಂದು ಚಿಟಿಕೆ ಉಪ್ಪು ಹಾಕಿ, ಈರುಳ್ಳಿ ಹೆಚ್ಚಿಹಾಕಿ ಹೊಲಕ್ಕೆ ಕಳಿಸುತ್ತಿದ್ದರಲ್ಲ, ಅದರಲ್ಲಿ ನೀರೂ ಇದೆ, ಉಪ್ಪೂ ಇದೆ, ಶಕ್ತಿಯೂ ಇದೆ. ಈಗ ಅದರ ಬದಲು ಬಣ್ಣದ ಬಾಟಲಿ ಪಾನೀಯ ತರಿಸುವ ಚಾಳಿ ಬಂದಿದೆ. ಅದರಲ್ಲಿರುವುದು ಬಹುಪಾಲು ಸಕ್ಕರೆ. ಬೆವರಿ ಬತ್ತಿದ ಮೈಗೆ ಅದು ತಕ್ಕದ್ದಲ್ಲ. ಕಾಫಿ ಟೀ ಒಂದೊಂದು ಲೋಟ ಕುಡಿದರೆ ಅಡ್ಡಿಯಿಲ್ಲ. ಅದನ್ನೇ ನೀರಿನ ಲೆಕ್ಕಕ್ಕೆ ಸೇರಿಸಬೇಡಿ. ಹೆಂಡ ಸಾರಾಯಿಯಂತೂ ಮೈಯಲ್ಲಿರುವ ನೀರನ್ನೂ ಹೊರಕ್ಕೆ ಎಳೆಯುತ್ತದೆ. ರಾತ್ರಿ ಕುಡಿದು ಬೆಳಿಗ್ಗೆ ಬಿಸಿಲಿಗೆ ನಿಂತವನಿಗೆ ಅಪಾಯ ಹೆಚ್ಚು.

ಎಳನೀರಿನ ವಿಷಯ ತೆಂಗಿನ ಸೀಮೆಯವರಾದ ನಿಮಗೆ ಹೇಳಲೇಬೇಕು. ಎಳನೀರು ಒಳ್ಳೆಯದು, ಸಂದೇಹವಿಲ್ಲ. ಆದರೆ ಅದರಲ್ಲಿ ಪೊಟ್ಯಾಸಿಯಂ ಎಂಬ ಲವಣ ಹೆಚ್ಚು, ಅಡಿಗೆ ಉಪ್ಪಿನ ಅಂಶ ಕಡಿಮೆ. ಆರೋಗ್ಯವಂತರು ಕುಡಿದು, ಜೊತೆಗೆ ಉಪ್ಪಿರುವ ಊಟ ಮಾಡಿದರೆ ಸರಿಹೋಗುತ್ತದೆ. ಮೂತ್ರಪಿಂಡ ಆಗಲೇ ಕೆಟ್ಟಿರುವವರು ಮಾತ್ರ ವೈದ್ಯರನ್ನು ಕೇಳದೆ ಎಳನೀರು ಕುಡಿಯಕೂಡದು. ಕೆಟ್ಟ ಮೂತ್ರಪಿಂಡ ಆ ಪೊಟ್ಯಾಸಿಯಂ ಅನ್ನು ಹೊರಹಾಕಲಾರದು; ಅದು ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ನಿಲ್ಲಿಸಬಹುದು. ತಂಪಾಗಲಿ ಎಂದು ನೆಂಟರು ಪ್ರೀತಿಯಿಂದ ಕೊಟ್ಟ ಎಳನೀರು ರೋಗಿಗೆ ಮುಳುವಾಗಬಾರದು. ಇಂಥ ರೋಗಿಗಳೂ, ಹೃದಯದ ಕಾಯಿಲೆಯವರೂ, ರಕ್ತದೊತ್ತಡ ಇರುವವರೂ ಎಷ್ಟು ನೀರು, ಎಷ್ಟು ಉಪ್ಪು ಎಂಬುದನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು.

ಬೆವರು ವಿಪರೀತ ಹೋಗಿ ನಿತ್ರಾಣವಾದಾಗ, ಅಥವಾ ವಾಂತಿ ಭೇದಿಯಾದಾಗ ಓ.ಆರ್.ಎಸ್. ಪುಡಿ ಬೇಕು. ಇದು ನಮ್ಮ ದೇಶದವರಿಗೆ ಹೆಮ್ಮೆಯ ಔಷಧ. 1971ರ ಬಾಂಗ್ಲಾ ಯುದ್ಧದ ಕಾಲದಲ್ಲಿ ಗಡಿಯ ಬನಗಾಂವ್ ಶಿಬಿರದಲ್ಲಿ ನಿರಾಶ್ರಿತರಿಗೆ ಕಾಲರಾ ಬಡಿದಾಗ, ಡಾಕ್ಟರ್ ದಿಲೀಪ್ ಮಹಲನೋಬಿಸ್ ಎಂಬ ಬಂಗಾಳದ ವೈದ್ಯರು ಉಪ್ಪು ಸಕ್ಕರೆಯ ಈ ನೀರನ್ನು ಕುಡಿಸಿ ಸಾವಿರಾರು ಜೀವ ಉಳಿಸಿದರು. ಅವರು ತೀರಿಕೊಂಡ ಮೇಲೆ 2023ರಲ್ಲಿ ಸರ್ಕಾರ ಪದ್ಮವಿಭೂಷಣ ಕೊಟ್ಟು ಗೌರವಿಸಿತು. ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರು ಒಳ್ಳೆಯ ನೀರಿಗೆ ಹಾಕಿ ಕಲಸಿ. ಅರ್ಧ ಪೊಟ್ಟಣ, ಅಂದಾಜು ನೀರು ಎಂಬ ಲೆಕ್ಕ ಬೇಡ. ಕಲಸಿದ್ದನ್ನು 24 ಗಂಟೆಯ ಮೇಲೆ ಇಡಕೂಡದು. ಆಶಾ ಕಾರ್ಯಕರ್ತೆಯ ಹತ್ತಿರವೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಕೇಳಿದರೆ ಪೊಟ್ಟಣ ಸಿಗುತ್ತದೆ. ಸಿಗದಿದ್ದರೆ ಒಂದು ಲೀಟರು ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಚಮಚದ ಮೇಲೆ ಗೋಪುರ ಮಾಡದೆ ಮಟ್ಟಸವಾಗಿ ಅಳೆಯಿರಿ. ಅಂಗಡಿಯಲ್ಲಿ ಓ.ಆರ್.ಎಸ್. ಎಂಬ ಹೆಸರಿಟ್ಟುಕೊಂಡು ಸಕ್ಕರೆ ಪಾನಕ ಮಾರುತ್ತಿದ್ದುದುಂಟು. ಹಾಗೆ ಹೆಸರು ಹಾಕಕೂಡದೆಂದು 2025ರ ಅಕ್ಟೋಬರಿನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಆಜ್ಞೆ ಮಾಡಿತು. ಆದುದರಿಂದ ಔಷಧಿ ಅಂಗಡಿಯಲ್ಲಿ ಪುಡಿಯ ಪೊಟ್ಟಣವನ್ನೇ ಕೇಳಿ ಕೊಳ್ಳಿ.

ನೀರು ಎಲ್ಲಿಯದು ಎಂಬುದನ್ನೂ ನೋಡಬೇಕು. ನಮ್ಮ ಜಿಲ್ಲೆಯ ಪಾವಗಡ, ಶಿರಾ, ಮಧುಗಿರಿ ಕಡೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ತಕ್ಕದ್ದಲ್ಲ. ಆದುದರಿಂದ ತೋಟದ ಕೊಳವೆಬಾವಿಯ ಬಾಯಿಗೆ ಕೈಯೊಡ್ಡಿ ಕುಡಿಯುವುದಕ್ಕಿಂತ ಊರಿನ ಶುದ್ಧ ನೀರನ್ನು ಕೊಡದಲ್ಲಿ ತುಂಬಿಸಿ ಒಯ್ಯುವುದು ಲೇಸು. ಕ್ರಿಮಿನಾಶಕದ ಖಾಲಿ ಡಬ್ಬಿಯಲ್ಲಿ, ಎಷ್ಟೇ ತೊಳೆದಿದ್ದರೂ ಸರಿಯೆ, ಕುಡಿಯುವ ನೀರು ತುಂಬಕೂಡದು. ಔಷಧ ಸಿಂಪಡಿಸುವ ಕೆಲಸವನ್ನು ತಂಪು ಹೊತ್ತಿನಲ್ಲಿ ಮುಗಿಸಿ, ಸಾಬೂನಿನಿಂದ ಕೈ ತೊಳೆದೇ ನೀರು ಕುಡಿಯಿರಿ.

ಎರಡನೆಯದು ನೆರಳು, ವಿರಾಮ. ಕೆಲಸದ ವೇಳೆಯನ್ನು ಬದಲಾಯಿಸಿಕೊಳ್ಳಿ. ಬೆಳಿಗ್ಗೆ ಆರಕ್ಕೆ ಶುರುಮಾಡಿ ಹನ್ನೊಂದಕ್ಕೆ ಗುದ್ದಲಿ ಇಳಿಸಿ. ಮಿಕ್ಕ ಕೆಲಸ ಇಳಿಹೊತ್ತು ನಾಲ್ಕರ ಮೇಲೆ. ನಡುವೆ ಕಾಯಿ ಸುಲಿಯುವುದು, ಹುಣಸೆಹಣ್ಣು ಬಿಡಿಸುವುದು, ಹಗ್ಗ ಹೊಸೆಯುವುದು ಮುಂತಾದ ನೆರಳಿನ ಕೆಲಸ ಇಟ್ಟುಕೊಳ್ಳಬಹುದು. ಗಂಟೆಗೊಮ್ಮೆ ಹತ್ತು ನಿಮಿಷ ನೆರಳಿನಲ್ಲಿ ಕೂರಬೇಕು. ಬಿಸಿಲು ಏರಿದ ಹಾಗೆ ಇನ್ನೂ ಹೆಚ್ಚು ಹೊತ್ತು. ಹೊಂಗೆಯ ನೆರಳು ಇದ್ದರೆ ಅದಕ್ಕಿಂತ ತಂಪು ಬೇರಿಲ್ಲ. ಬಯಲು ಹೊಲವಾದರೆ ನಾಲ್ಕು ಗಳ ನೆಟ್ಟು ತೆಂಗಿನ ಗರಿ ಹೊದಿಸಿದರೆ ಚಪ್ಪರವಾಯಿತು. ಗರಿಗೆ ನಮ್ಮಲ್ಲಿ ಬಡತನವೇ?

ಬೇಸಿಗೆಯಲ್ಲಿ ಹೊಸದಾಗಿ ಬಿಸಿಲ ಕೆಲಸಕ್ಕೆ ಇಳಿದವರನ್ನು ವಿಶೇಷವಾಗಿ ನೋಡಿಕೊಳ್ಳಿ. ಪಟ್ಟಣದ ಕೆಲಸ ಬಿಟ್ಟು ಬಂದ ಹುಡುಗ, ಜ್ವರ ಬಿಟ್ಟು ಎದ್ದವನು, ಬಾಣಂತನ ಮುಗಿಸಿ ಬಂದ ಹೆಣ್ಣುಮಗಳು, ಇವರ ಮೈ ಬಿಸಿಲಿಗೆ ಹೊಂದಿಕೊಳ್ಳಲು ವಾರ ಹತ್ತು ದಿನ ಬೇಕು. ಬಿಸಿಲಿನ ಅನಾಹುತಗಳಲ್ಲಿ ಹೆಚ್ಚಿನವು ಮೊದಲ ಕೆಲವು ದಿನಗಳಲ್ಲೇ ನಡೆಯುತ್ತವೆ. ಮೊದಲ ದಿನ ಬಿಸಿಲಲ್ಲಿ ಐದರಲ್ಲೊಂದು ಪಾಲು ಕೆಲಸ ಕೊಟ್ಟು, ದಿನದಿನಕ್ಕೆ ಏರಿಸಿಕೊಂಡು ಹೋಗಿ.

ಗುತ್ತಿಗೆ ಕೆಲಸದ ವಿಷಯ ಇಲ್ಲಿ ಹೇಳಬೇಕು. ಗುಂಡಿಗೆ ಇಷ್ಟು, ಟನ್ನಿಗೆ ಇಷ್ಟು ಅಂತ ಲೆಕ್ಕವಿದ್ದಾಗ ಆಳು ತಾನಾಗಿಯೇ ನೀರು ಕುಡಿಯಲು ನಿಲ್ಲುವುದಿಲ್ಲ. ನಿಂತರೆ ಕಾಸು ಕಡಿಮೆಯಾಗುತ್ತದಲ್ಲ ಎಂಬ ಚಿಂತೆ ಅವನಿಗೆ. ಕಬ್ಬು ಕಡಿಯುವವರಲ್ಲೂ ಇಟ್ಟಿಗೆ ಗೂಡಿನವರಲ್ಲೂ ಇದೇ ಕಥೆ. ಇಲ್ಲಿ ಮೇಸ್ತ್ರಿಯೂ ಯಜಮಾನನೂ ತಾವೇ ಕೂಗಿ ನಿಲ್ಲಿಸಬೇಕು. "ಬನ್ರಪ್ಪಾ, ನೀರು ಕುಡೀರಿ" ಅಂತ ಒಂದು ಮಾತು ಕರೆದರೆ ನಿಮ್ಮ ದೊಡ್ಡಸ್ತಿಕೆ ಕಡಿಮೆಯಾಗದು. ದಣಿದ ಆಳಿನ ಒಂದು ಗಂಟೆಗಿಂತ, ಹತ್ತು ನಿಮಿಷ ಕೂತು ಎದ್ದ ಆಳಿನ ಐವತ್ತು ನಿಮಿಷದಲ್ಲಿ ಕೆಲಸ ಹೆಚ್ಚು ಸಾಗುತ್ತದೆಂಬುದನ್ನು ನೀವೇ ನೋಡಿಕೊಳ್ಳಬಹುದು. 2005ರ ಉದ್ಯೋಗ ಖಾತರಿ ಕಾಯಿದೆಯಲ್ಲೇ ಕೆಲಸದ ಜಾಗದಲ್ಲಿ ಕುಡಿಯುವ ನೀರು, ನೆರಳು, ಪ್ರಥಮ ಚಿಕಿತ್ಸೆ ಇರಬೇಕೆಂದು ಬರೆದಿದ್ದರು. ಸರ್ಕಾರದ ಕೆರೆ ಕೆಲಸದಲ್ಲಿ ಕೇಳಿ ಪಡೆದದ್ದನ್ನು ನಮ್ಮ ಹೊಲದಲ್ಲಿ ಇನ್ನೊಬ್ಬರಿಗೆ ಕೊಡುವುದೂ ನ್ಯಾಯ. ನೀರು, ನೆರಳು, ವಿರಾಮ ಯಜಮಾನ ಮಾಡುವ ದಾನವಲ್ಲ. ಕೂಲಿಯ ಜೊತೆಗೆ ಸಲ್ಲಬೇಕಾದ ಬಾಕಿ.

ಅಕ್ಕ ತಂಗಿಯರೇ, ನಿಮಗೆ ಒಂದು ಮಾತು. ಬೇಲಿ ಮರೆಯಿಲ್ಲದ ಹೊಲದಲ್ಲಿ ಮೂತ್ರಕ್ಕೆ ಹೋಗಬೇಕಲ್ಲ ಎಂಬ ಸಂಕೋಚದಿಂದ ಎಷ್ಟೋ ಹೆಣ್ಣುಮಕ್ಕಳು ಬೆಳಗಿನಿಂದ ನೀರನ್ನೇ ಮುಟ್ಟುವುದಿಲ್ಲ. ಬಂದ ಮೂತ್ರವನ್ನೂ ಕತ್ತಲಾಗುವವರೆಗೆ ತಡೆದುಕೊಳ್ಳುತ್ತಾರೆ. ಇದರಿಂದ ಉರಿಮೂತ್ರ, ಕೀವು, ಚಳಿಜ್ವರ ಬಂದು ಸೋಂಕು ಮೂತ್ರಪಿಂಡಕ್ಕೇ ಏರುತ್ತದೆ. ಬಸುರಿಯರಿಗಂತೂ ತಾಯಿ ಮಗು ಇಬ್ಬರಿಗೂ ಕೇಡು. ತಪ್ಪು ಆ ಹೆಣ್ಣುಮಗಳದಲ್ಲ, ಮರೆ ಮಾಡಿಕೊಡದವರದು. ತೋಟದ ಮೂಲೆಯಲ್ಲಿ ತೆಂಗಿನ ಗರಿಯ ತಡಿಕೆ ಕಟ್ಟಿ, ಒಂದು ಗುಂಡಿ, ಒಂದು ಬಕೆಟ್ಟು ನೀರು ಇಟ್ಟರೆ ಅರ್ಧ ದಿನದ ಕೆಲಸ. ಮನೆಯ ಯಜಮಾನಿಯರು ಇದನ್ನು ಮುಂದೆ ನಿಂತು ಮಾಡಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಮೂರನೆಯದು ಮಾತ್ರೆ. ದಿನವಿಡೀ ದುಡಿದು ಮೈಕೈ ನೋವೆಂದು ಅಂಗಡಿಯಿಂದ ಮಾತ್ರೆ ತಂದು ನುಂಗುವುದು ಈಗ ಎಲೆಯಡಿಕೆ ಹಾಕಿಕೊಂಡಷ್ಟು ಸಲೀಸಾಗಿದೆ. ಡೈಕ್ಲೋಫಿನಾಕ್, ಐಬುಪ್ರೊಫೆನ್ ಮುಂತಾದ ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತನಾಳಗಳನ್ನು ಬಿಗಿಮಾಡುತ್ತವೆ. ಬೆವರು ಹರಿದು ರಕ್ತ ಕಡಿಮೆಯಾಗಿರುವ ಹೊತ್ತಿನಲ್ಲೇ ನಾಳವನ್ನೂ ಬಿಗಿದರೆ ಮೂತ್ರಪಿಂಡದ ಗತಿ ಏನು? ಬತ್ತಿದ ಕಾಲುವೆಗೆ ಅಡ್ಡ ಕಟ್ಟೆ ಹಾಕಿದಂತೆ. ವೈದ್ಯರು ಬರೆದುಕೊಟ್ಟಷ್ಟು ದಿನ, ಬರೆದುಕೊಟ್ಟಷ್ಟೇ ನುಂಗಿ. ನಾಳೆಯ ಕೆಲಸಕ್ಕೆಂದು ಇವತ್ತೇ ನುಂಗಿ ಮಲಗುವ ಅಭ್ಯಾಸ ಬಿಡಿ.

ನೀರು ಕಡಿಮೆ ಕುಡಿಯುವವರಿಗೆ ಮೂತ್ರಪಿಂಡದ ಕಲ್ಲೂ ಹೆಚ್ಚು. ಬೆನ್ನಿನಿಂದ ತೊಡೆಸಂದಿಗೆ ಇಳಿಯುವ ಭಾರಿ ನೋವು ಬಂದರೆ ಕಲ್ಲಿರಬಹುದು. ಬಿಯರ್ ಕುಡಿದರೆ ಕರಗುತ್ತದೆ ಎಂಬುದು ಸುಳ್ಳು ಮಾತು. ಬಾಳೆದಿಂಡಿನ ಪಲ್ಯ ಬೇಕಾದರೆ ತಿನ್ನಿ, ಆದರೆ ಅದನ್ನೇ ನಂಬಿ ಆಸ್ಪತ್ರೆಗೆ ತಡಮಾಡಬೇಡಿ. ಕಲ್ಲು ದಾರಿ ಕಟ್ಟಿ ಕೂತರೆ ಆ ಕಡೆಯ ಮೂತ್ರಪಿಂಡವೇ ಹೋಗಬಹುದು.

ಇನ್ನು ಬಿಸಿಲು ಬಡಿದಾಗ ಮಾಡಬೇಕಾದದ್ದು. ಜೊತೆಯವನು ತಪ್ಪುತಪ್ಪಾಗಿ ಮಾತಾಡುತ್ತಿದ್ದರೆ, ತೂರಾಡಿದರೆ, ಮೈ ಕೆಂಡದ ಹಾಗೆ ಸುಡುತ್ತಿದ್ದರೆ, ಜ್ಞಾನ ತಪ್ಪಿದರೆ ಅದು ಜೀವಕ್ಕೇ ಬಂದ ಅಪಾಯ. ಕೂಡಲೇ 108ಕ್ಕೆ ಫೋನು ಮಾಡಿ. ವಾಹನ ಬರುವವರೆಗೆ ಸುಮ್ಮನೆ ನಿಲ್ಲಬೇಡಿ. ನೆರಳಿಗೆ ಎತ್ತಿ ತಂದು, ಬಟ್ಟೆ ಸಡಿಲಿಸಿ, ಮೈಮೇಲೆಲ್ಲ ತಣ್ಣೀರು ಸುರಿದು ಬಿಡದೆ ಗಾಳಿ ಹಾಕಿ. ಪಂಪ್‌ಸೆಟ್ಟು ಹತ್ತಿರವಿದ್ದರೆ ತಲೆ ಎತ್ತಿ ಹಿಡಿದುಕೊಂಡು ಮೈಗೆ ನೀರು ಬಿಡಿ. ಜ್ಞಾನವಿಲ್ಲದವನ ಬಾಯಿಗೆ ನೀರು ಹುಯ್ಯಕೂಡದು. ಅದು ಶ್ವಾಸಕ್ಕೆ ಹೋಗುತ್ತದೆ.

ಕೊನೆಯದಾಗಿ ಪರೀಕ್ಷೆ. ಸಕ್ಕರೆ ಕಾಯಿಲೆ ಇರುವವರು, ರಕ್ತದೊತ್ತಡ ಇರುವವರು, ಮನೆಯಲ್ಲಿ ಯಾರಿಗಾದರೂ ಮೂತ್ರಪಿಂಡದ ಕಾಯಿಲೆ ಇದ್ದವರು, ವರ್ಷಾನುಗಟ್ಟಲೆ ಬಿಸಿಲಲ್ಲಿ ದುಡಿದವರು, ಇವರೆಲ್ಲ ವರ್ಷಕ್ಕೊಮ್ಮೆಯಾದರೂ ರಕ್ತದ ಕ್ರಿಯಾಟಿನಿನ್ ಪರೀಕ್ಷೆಯನ್ನೂ, ಮೂತ್ರದಲ್ಲಿ ಆಲ್ಬುಮಿನ್ ಇದೆಯೇ ಎಂಬ ಪರೀಕ್ಷೆಯನ್ನೂ ಮಾಡಿಸಿ. ಮೂತ್ರದಲ್ಲಿ ನೊರೆ ನಿಲ್ಲುವುದು, ಬೆಳಿಗ್ಗೆ ಎದ್ದಾಗ ಕಣ್ಣಿನ ಕೆಳಗೆ ಬಾವು, ಸಂಜೆ ಪಾದದಲ್ಲಿ ಬಾವು ಕಂಡರೆ ವರ್ಷ ತುಂಬಲೆಂದು ಕಾಯಬೇಡಿ. ಬೇಗ ಕಂಡುಕೊಂಡರೆ ಉಳಿದ ಮೂತ್ರಪಿಂಡವನ್ನು ಬಹಳ ಕಾಲ ಕಾಪಾಡಿಕೊಳ್ಳಬಹುದು.

ಬಾಂಧವರೇ, ಹೇಳಿದ್ದನ್ನು ಒಂದು ಹಿಡಿಗೆ ತರುತ್ತೇನೆ. ಬಾಯಾರುವ ಮುಂಚೆ ನೀರು. ಗಂಟೆಗೊಮ್ಮೆ ನೆರಳು. ಬಿಸಿಲೇರುವ ಮುಂಚೆ ಕೆಲಸ. ಹೆಂಗಸರಿಗೆ ಮರೆ. ಅಂಗಡಿ ಮಾತ್ರೆಗೆ ತಡೆ. ವರ್ಷಕ್ಕೊಂದು ಪರೀಕ್ಷೆ. ಇದಕ್ಕೆಲ್ಲ ಒಂದು ಮಣ್ಣಿನ ಹರವಿ, ಎರಡು ಲೋಟ, ನಾಲ್ಕು ಗಳ, ಹತ್ತು ತೆಂಗಿನ ಗರಿ ಸಾಕ. ಭರಣಿ ಮಳೆ ಬಿದ್ದ ಕೂಡಲೇ ಉಳುಮೆ ಬಿತ್ತನೆಯ ಅವಸರ ಶುರುವಾಗುತ್ತದೆ. ಆಮೇಲೆ ಯಾರಿಗೂ ಪುರಸತ್ತಿಲ್ಲ. ಆದುದರಿಂದ ನಾಳೆ ಬೆಳಿಗ್ಗೆ ಗುದ್ದಲಿ ಹೆಗಲಿಗೆ ಏರಿಸುವಾಗಲೇ ನೀರಿನ ಹರವಿಯನ್ನೂ ಹೊಲಕ್ಕೆ ಕಳಿಸಿಕೊಡಿ. ಎತ್ತಿಗೆ ನೀರು ತೋರಿಸದೆ ನೊಗಕ್ಕೆ ಹೂಡುವ ರೈತ ನಮ್ಮಲ್ಲಿಲ್ಲ. ಆ ಎತ್ತಿನ ಹಿಂದೆ ನಡೆಯುವವರಿಗೂ ಅಷ್ಟು ಕಾಳಜಿ ತೋರಿಸೋಣ.